ಮಾಲತಿ ಮಾತಾಡದ ದಿನಗಳು

ನವೆಂಬರ್ 3, ಸೋಮವಾರ

ಈ ಡೈರಿ ಮೊಮ್ಮಗಳು ಪ್ರಿಯಾ ಕೊಟ್ಟದ್ದು. "ಅಜ್ಜಿ, ಅಮ್ಮ ಎರಡು ವಾರ ಮಾತಾಡೂ ಹಾಗಿಲ್ಲ. ನಿಂಗೆ ಜಗಳ ಮಾಡೂಕೆ ಜನ ಇಲ್ಲ. ಹೇಳೂದೆಲ್ಲ ಇದ್ರಲ್ಲಿ ಬರಿ" ಎಂದು ಹೇಳಿ ಭಟ್ಕಳದ ಬಸ್ಸು ಹತ್ತಿದಳು. ಅವಳು ಅಲ್ಲಿ ಇಂಜಿನಿಯರಿಂಗ್ ಕಲಿಯುತ್ತಾಳೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಅಕ್ಷರ ಅವಳಿಗಿಂತ ದುಂಡಗಿದೆ.

ಮಾಲತಿ ನನ್ನ ಮಗಳು. ಗಂಟಲಲ್ಲಿ ಗಂಟು ಬೆಳೆದಿತ್ತು. ಶುಕ್ರವಾರ ಮಣಿಪಾಲದಲ್ಲಿ ತೆಗೆದರು. ಕೆಟ್ಟ ಗಂಟಲ್ಲವಂತೆ, ಪಾಠ ಹೇಳಿ ಹೇಳಿ ಬಂದದ್ದಂತೆ. ನಾನು ಮೀನಿನ ಬುಟ್ಟಿ ಹೊತ್ತು ಹೊನ್ನಾವರದಿಂದ ಗೇರುಸೊಪ್ಪದವರೆಗೆ ಕೇರಿ ಕೇರಿ ಕೂಗಿದವಳು. ನನ್ನ ಗಂಟಲಿಗೆ ಏನೂ ಆಗಲಿಲ್ಲ. ಫ್ಯಾನಿನ ಕೆಳಗೆ ನಿಂತು ರಾಜರ ಕತೆ ಹೇಳಿದವಳಿಗೆ ಗಂಟು. ಡಾಕ್ಟರ ಹತ್ತಿರವೂ ಇದನ್ನೇ ಹೇಳಿದೆ. ಅವರು ನಕ್ಕರು, ಮಾಲತಿ ನಗಲಿಲ್ಲ.

ಮಾತು ಮಾತ್ರವಲ್ಲ, ಪಿಸುಗುಟ್ಟುವುದೂ ಕೂಡದಂತೆ. ಅದಕ್ಕೆ ಒಂದು ಸ್ಲೇಟು ತಂದಿಟ್ಟುಕೊಂಡಿದ್ದಾಳೆ. ಅಳಿಯ ನಾಗರಾಜ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಈಗ ಸೀಸನ್, ಬರುವಂತಿಲ್ಲ. ಹಾಗಾಗಿ ಕಾಸರಕೋಡಿನ ನನ್ನ ಮನೆಗೆ ಬೀಗ ಹಾಕಿ, ಸೇತುವೆ ದಾಟಿ, ಹೊನ್ನಾವರದ ಈ ಮನೆಯಲ್ಲಿ ಬಂದು ಕೂತಿದ್ದೇನೆ. ಇಲ್ಲಿ ಕೂರುವುದಕ್ಕೆ ಕುರ್ಚಿಗಳುಂಟು, ಆದರೆ ಎಲ್ಲದರ ಮೇಲೂ ಪುಸ್ತಕ ಕೂತಿದೆ.

ನವೆಂಬರ್ 5, ಬುಧವಾರ

ಮಾಲತಿಯ ಫೋನು ಈಗ ನನ್ನ ಕೈಯಲ್ಲಿದೆ. ಬೆಳಗಿನಿಂದ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಹೆಬಳೆಯ ಒಬ್ಬರಿಗೆ ಮಗಳ ಮದುವೆ ಕಾಗದಕ್ಕೆ ಚಂದದ ನಾಲ್ಕು ಸಾಲು ಬೇಕು. ಹಿರೇಗುತ್ತಿಯ ಹೈಸ್ಕೂಲಿನವರಿಗೆ ಗ್ಯಾದರಿಂಗಿಗೆ ನಾಟಕ ಬೇಕು. ಯಾರದೋ ಅಪ್ಪ ತೀರಿಕೊಂಡಿದ್ದಾನೆ, ಪೇಪರಿಗೆ ಕೊಡಲು ಒಳ್ಳೆಯ ಮಾತು ಬೇಕು. ಒಬ್ಬ ಹುಡುಗಿಗೆ ಪಿಎಚ್‌ಡಿಯ ಒಂದು ಅಧ್ಯಾಯ ತಿದ್ದಿ ಕೊಡಬೇಕು. ಒಬ್ಬೊಬ್ಬರಿಗೂ ನಾನೇ ಉತ್ತರ ಕೊಟ್ಟೆ.

"ನಿಮ್ಮ ಅಪ್ಪ ಬದುಕಿರುವಾಗ ಎಂತ ಮಾಡ್ತಿದ್ದ?"

"ಸೊಸಾಯ್ಟಿಯಲ್ಲಿ ಗುಮಾಸ್ತ ಆಗಿದ್ರು ಅಮ್ಮಾ."

"ಹಾಗೇ ಬರಿ. ಅದಕ್ಕೆ ನನ್ನ ಮಗಳು ಎಂತಕ್ಕೆ?"

ಮಾಲತಿ ಸ್ಲೇಟಿನ ಮೇಲೆ ದೊಡ್ಡದಾಗಿ 'ಅವ್ವ' ಎಂದು ಬರೆದು ಮುಖದ ಮುಂದೆ ಹಿಡಿದಳು. ಬಾಯಿಲ್ಲದಿದ್ದರೂ ಬೈಯುವುದು ನಿಂತಿಲ್ಲ.

ಇವಳು ಮಾಡದ ಕೆಲಸವಿಲ್ಲ. ಹಿರೇಗುತ್ತಿಯ ಶಾಲೆಯಲ್ಲಿ ಪಾಠ ಹೇಳುವ ಟೆಂಪರರಿ ಅಕ್ಕೋರಾಗಿದ್ದಳು. ಆಮೇಲೆ ಭಟ್ಕಳದ ಕಾಲೇಜು, ಆಮೇಲೆ ಹೊನ್ನಾವರ, ಈಗ ಕುಮಟಾ. ಎಲ್ಲ ಕಡೆಯೂ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಉಂಡು ಎದ್ದು ಹೋಗುವವರು. ತಲೆಕೂದಲು ಬೆಳ್ಳಗಾಗುವವರೆಗೆ ಯಾರಾದರೂ ಅತಿಥಿಯಾಗಿರುತ್ತಾರೆಯೇ? ನಡುವೆ ರೇಡಿಯೋದಲ್ಲಿ ಮಾತಾಡಿದಳು, ಕೊಂಕಣಿಯಿಂದ ಕತೆ ತಂದು ಕನ್ನಡದಲ್ಲಿ ಬರೆದಳು, ಪರೀಕ್ಷೆಯ ಗೈಡು ಬರೆದಳು. ಗೈಡಿನ ಮೇಲೆ ಹೆಸರು ಮಾತ್ರ ಇನ್ಯಾರದ್ದೋ. ಗೇರುಸೊಪ್ಪದ ಹಳೆ ಪೇಟೆಯ ಮೇಲೆ ಏನೋ ಬರೆದು ಡಾಕ್ಟರೂ ಆದಳು. ನಾನು ಆ ಊರಿಗೆ ಮೀನು ಹೊತ್ತೆ, ಇವಳು ಅಲ್ಲಿಂದ ಕಾಗದ ಹೊತ್ತು ತಂದಳು. ನನ್ನ ಬುಟ್ಟಿಯಾದರೂ ಸಂಜೆಗೆ ಖಾಲಿಯಾಗುತ್ತಿತ್ತು.

ನವೆಂಬರ್ 8, ಶನಿವಾರ

ಭಟ್ಕಳದಿಂದ ರಾಜೀವ ಬಂದಿದ್ದ. ಮಾಲತಿಯ ಹಳೆಯ ವಿದ್ಯಾರ್ಥಿ. ಅವನೂ ಈಗ ಅತಿಥಿಯೇ. ಬಾಳೆ ಎಲೆಯಲ್ಲಿ ಕಟ್ಟಿದ ಭಟ್ಕಳ ಮಲ್ಲಿಗೆ ತಂದು ಮೇಡಂ ಕೈಗೆ ಕೊಟ್ಟ, ನನ್ನ ಕಾಲಿಗೆ ಬಿದ್ದ. ಮಾಲತಿ ಸ್ಲೇಟಿನಲ್ಲಿ ಬರೆದದ್ದಕ್ಕೆಲ್ಲ ಅವನೂ ಬಾಯಿ ಬಿಡದೆ ತಲೆ ಆಡಿಸುತ್ತಿದ್ದ. "ನಿಂಗೂ ಗಂಟು ಬಂತಾ ಮಾರಾಯ?" ಎಂದು ಕೇಳಿದೆ. ಆಗ ಮಾತಾಡಿದ.

ಸಂಜೆ ಹೊಸ ಕೆಲಸವೊಂದು ಗಂಟುಬಿತ್ತು. ಪ್ರತಿ ಸೋಮವಾರ ಪೇಪರಿನಲ್ಲಿ ಇವಳ ಲೇಖನ ಬರುತ್ತದೆ. ಕಳಿಸುವ ಮೊದಲು ಅಂಗಳದಲ್ಲಿ ನಡೆಯುತ್ತಾ ಗಟ್ಟಿಯಾಗಿ ಓದಿಕೊಳ್ಳುವುದು ಇವಳ ಪದ್ಧತಿ. ಕಿವಿಗೆ ಕೇಳದೆ ಕಳಿಸುವುದಿಲ್ಲವಂತೆ. ಈಗ ಕಾಗದ ನನ್ನ ಮುಂದೆ ಹಿಡಿದಳು.

"ನನಗೆ ಅರ್ಥ ಆಗೂದಿಲ್ಲ ಇದೆಲ್ಲ" ಎಂದೆ.

'ಓದು ಸಾಕು' ಎಂದು ಬರೆದಳು.

ಓದಿದೆ. ನಾನು ಎಡವಿದಲ್ಲೆಲ್ಲ ಅವಳು ಕೆಂಪು ಪೆನ್ನಿನಿಂದ ಹೊಡೆದು ಹಾಕಿದಳು. ಕೊನೆಗೆ ಕಾಗದ ತುಂಬ ಕೆಂಪಾಯಿತು. ಇಷ್ಟು ತಪ್ಪು ಬರೆಯುವವಳನ್ನು ಕಾಲೇಜಿನಲ್ಲಿ ಹೇಗೆ ಇಟ್ಟುಕೊಂಡರೋ.

ನವೆಂಬರ್ 11, ಮಂಗಳವಾರ

ಇವತ್ತು ಒಂದು ಒಳ್ಳೆಯ ವ್ಯಾಪಾರ ಕುದುರುವುದರಲ್ಲಿದೆ.

ಮಧ್ಯಾಹ್ನ ಮಾಲತಿ ಔಷಧ ತಗೊಂಡು ಮಲಗಿದ್ದಳು. ಕುಮಟಾದಿಂದ ಕಮಲಾಕರ ಎನ್ನುವವರ ಫೋನು ಬಂತು. ನಿವೃತ್ತ ಪ್ರಿನ್ಸಿಪಾಲರು, ಮಾಲತಿಗೆ ಕಲಿಸಿದವರು. ಕರಾವಳಿಯ ಹಳೆಯ ಬಂದರುಗಳ ಮೇಲೆ ಒಂದು ಟ್ರಸ್ಟಿನವರು ಮೂರು ದೊಡ್ಡ ಪುಸ್ತಕ ತರುತ್ತಾರಂತೆ. ಅದಕ್ಕೆ ಸಂಪಾದಕಿ ಬೇಕಂತೆ. ಮೂರು ವರ್ಷದ ಕೆಲಸ, ತಿಂಗಳ ಸಂಬಳ, ವಾರಕ್ಕೆ ಮೂರು ದಿನ ಕುಮಟಾಕ್ಕೆ ಹೋಗಬೇಕು.

"ನಂಗೆ ಮಾಲತಿ ಬಿಟ್ರೆ ಬೇರೆ ಯಾರೂ ಕಾಣೂದಿಲ್ಲ ಅಮ್ಮಾ" ಎಂದರು.

ಬೇರೆ ಯಾರೂ ಕಾಣುವುದಿಲ್ಲ ಎನ್ನುವ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ. ಅದು ನನಗೆ ಗೊತ್ತುಂಟು.

"ಇಷ್ಟಕ್ಕೆ ಆಗೂದಿಲ್ಲ ಸರ್" ಎಂದೆ.

"ಅಂದ್ರೆ?"

"ಸಂಬಳ ಹೆಚ್ಚು ಮಾಡಿ. ಮೂರು ದಿನ ಬಸ್ಸಿನಲ್ಲಿ ಅಲೆಯೂಕೆ ಆಗೂದಿಲ್ಲ, ಒಂದು ದಿನ ಬರ್ತಾಳೆ. ಧಾರವಾಡದವರೂ ಕೇಳ್ತಾ ಇದ್ರು."

"ಧಾರವಾಡದವರಾ? ನಂಗೆ ಹೇಳ್ಲೇ ಇಲ್ಲ ಅವಳು."

"ಎಲ್ಲಾ ಹೇಳೂಕೆ ಬಾಯಿಲ್ಲ ಅವಳಿಗೆ ಈಗ."

"ಇದು ಮಾಲತಿ ಮಾತೇ ಹೌದಾ?"

"ನಂದು ಬೇರೆ, ಅವಳದ್ದು ಬೇರೆ ಇಲ್ಲ ಸರ್."

"ಶನಿವಾರ ಮೀಟಿಂಗ್ ಉಂಟು. ಒಂದು ಹೆಸ್ರು ಹೇಳ್ಲೇಬೇಕು ನಾನು."

"ಹೇಳಿ ಹೇಳಿ" ಎಂದು ಫೋನು ಇಟ್ಟೆ.

ಶನಿವಾರದ ಹೆದರಿಕೆ ನನ್ನ ಹತ್ತಿರ ನಡೆಯುವುದಿಲ್ಲ. ಹಿಂದಿನಿಂದ ಇನ್ನೊಬ್ಬಳು ಬುಟ್ಟಿ ತರ್ತಾಳೆ ಎಂದು ಹೆದರಿಸದ ಗಿರಾಕಿಯನ್ನು ನಾನು ಕಂಡೇ ಇಲ್ಲ. ಮೊದಲ ಮಾತಿಗೆ ಕೊಟ್ಟರೆ ಮೀನು ನಿನ್ನೆಯದೆಂದು ತಿಳಿಯುತ್ತಾರೆ. ಬೇಡ ಎನ್ನಬೇಕು, ಬುಟ್ಟಿಯ ಮೇಲೆ ಗೋಣಿ ಮುಚ್ಚಬೇಕು, ತಲೆಗೆ ಏರಿಸಬೇಕು, ಹೊರಡಬೇಕು. ಅಂಗಳದ ಬಾಗಿಲ ದಣಪೆ ದಾಟುವುದರೊಳಗೆ ಕರೆಯುತ್ತಾರೆ. ಕರೆಯುವುದು ಅವರಿಗೂ ಗೊತ್ತು, ತಿರುಗುವುದು ನನಗೂ ಗೊತ್ತು. ನನ್ನ ಮಗಳು ಹಳಸಿದ ಬಂಗಡೆಯೇನಲ್ಲ.

ಮಾಲತಿಗೆ ಹೇಳಲಿಲ್ಲ. ವ್ಯಾಪಾರ ಮುಗಿದ ಮೇಲೆ ಹೇಳಿದರಾಯಿತು.

ನವೆಂಬರ್ 15, ಶನಿವಾರ

ಫೋನು ಬೆಳಿಗ್ಗೆಯೇ ಚಾರ್ಜಿಗೆ ಹಾಕಿದೆ. ಹೆಬಳೆಯವರು ಮಾಡಿದರು, ಗ್ಯಾಸಿನವರು ಮಾಡಿದರು, ಪ್ರಿಯಾ ಮಾಡಿದಳು. ಕುಮಟಾದವರು ಮಾಡಲಿಲ್ಲ.

ಮೀಟಿಂಗ್ ಉದ್ದವಾಗಿರಬಹುದು. ಕಲಿತವರು ಒಂದು ಕಡೆ ಕೂತರೆ ಏಳುವುದುಂಟೇ.

ನವೆಂಬರ್ 17, ಸೋಮವಾರ

ಮಣಿಪಾಲಕ್ಕೆ ಹೋಗಿ ಬಂದೆವು. ಡಾಕ್ಟರು ಮಾಲತಿಯಿಂದ 'ಆ' ಅನ್ನಿಸಿದರು, 'ಈ' ಅನ್ನಿಸಿದರು. ಸ್ವರ ಬಂತು. ಹರಿದ ಚಾಪೆ ಎಳೆದ ಹಾಗಿತ್ತು, ಆದರೂ ಬಂತು. ಇನ್ನು ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು, ವಾರ ವಾರ ಸ್ವಲ್ಪ ಹೆಚ್ಚು ಮಾಡಬಹುದು. ಮನೆಯ ಮಾತಿಗೆ, ಪೇಟೆಯ ಮಾತಿಗೆ ಮುಂದೆ ತೊಂದರೆಯಿಲ್ಲ. ದಿನವಿಡೀ ಕ್ಲಾಸು ತಗೊಳ್ಳಲು ಇನ್ನು ಈ ಗಂಟಲು ತಡೆಯುವುದಿಲ್ಲ. ಹಾಗೆ ಮಾಡಿದರೆ ಗಂಟು ಮತ್ತೆ ಬರುತ್ತದಂತೆ.

ಹಿಂದೆ ಬರುವಾಗ ರೈಲಿನಲ್ಲಿ ಮಾಲತಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಬೈಂದೂರು ದಾಟಿದ ಮೇಲೆ ಸ್ಲೇಟು ತೆಗೆದು ಬರೆದಳು. 'ಕಮಲಾಕರ ಸರ್ ಮಳೆಗಾಲದಲ್ಲಿ ಒಂದು ಕೆಲಸ ಹೇಳಿದ್ದರು. ಕೂತು ಬರೆಯುವ ಕೆಲಸ. ತಾನೇ ಫೋನ್ ಮಾಡುತ್ತೇನೆ ಎಂದಿದ್ದರು. ಅದೊಂದು ಸಿಕ್ಕಿದರೆ ಸಾಕು. ಅದಕ್ಕೆ ಗಂಟಲು ಬೇಡ.'

ಓದಿದೆ. ಸೆರಗಿನಿಂದ ಸ್ಲೇಟು ಒರೆಸಿ ಅವಳ ಕೈಗೆ ಕೊಟ್ಟೆ.

ನವೆಂಬರ್ 18, ಮಂಗಳವಾರ

ಬಂಗಡೆ ತಂದೆ. ಸಾರಿಗೆ ಉಪ್ಪು ಹೆಚ್ಚಾಯಿತು.

ನವೆಂಬರ್ 19, ಬುಧವಾರ

ಕಾಸರಕೋಡಿನ ಮನೆ ಗುಡಿಸಿ ಬರುತ್ತೇನೆ ಎಂದು ಹೇಳಿ ಕುಮಟಾ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗಬಾರದೆಂದು ಒಣ ಸಿಗಡಿ, ನಮ್ಮ ಶೆಟ್ಲಿ, ಕಟ್ಟಿಕೊಂಡಿದ್ದೆ. ಕಮಲಾಕರರ ಹೆಂಡತಿ ಅದನ್ನು ಒಳಗೊಯ್ದು ಚಾ ತಂದರು. ಸರ್ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಆ ಮನೆಯಲ್ಲೂ ಕುರ್ಚಿಗಳ ಮೇಲೆ ಪುಸ್ತಕವೇ. ನನಗೋಸ್ಕರ ಒಂದನ್ನು ಖಾಲಿ ಮಾಡಿದರು.

"ಸರ್, ಅವತ್ತು ನಾ ಹೇಳಿದ್ದು ವ್ಯಾಪಾರದ ಮಾತು" ಎಂದೆ.

"ವ್ಯಾಪಾರ?"

"ನೀವೊಂದು ಹೇಳಿದ್ರಿ, ನಾನೊಂದು ಹೇಳ್ದೆ. ಮತ್ತೆ ನೀವು ಹೇಳ್ಬೇಕಿತ್ತು. ಹೇಳ್ದೇ ಹೋಗ್ಬಿಟ್ರೆ ಹ್ಯಾಂಗೆ?"

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಮ್ಮಾ, ನೀವು ಆಗೂದಿಲ್ಲ ಅಂದ್ರಿ. ನಾನು ಆಗೂದಿಲ್ಲ ಅಂತ್ಲೇ ತಿಳ್ಕೊಂಡೆ. ಮೈ ಸರಿ ಇಲ್ದವಳಿಗೆ ಒತ್ತಾಯ ಮಾಡೂದು ಬೇಡ ಅಂತ ಸುಮ್ನಾದೆ. ಧಾರವಾಡದ್ದು ಏನಾತು?"

"ಧಾರವಾಡದವರು ಯಾರೂ ಇಲ್ಲ."

"ಇಲ್ವಾ?"

"ಪಕ್ಕದ ಮನೆಯವರೂ ಕೇಳ್ತಾ ಇದ್ರು ಅಂತ ನಾವು ಹೇಳೂದಿಲ್ವಾ, ಹಾಗೆ. ನಿಮ್ಮ ಮನೆಯವರು ಮೀನು ತಗೊಳ್ಳೂದಿಲ್ವಾ? ಅವರ ಹತ್ರ ಕೇಳಿ ನೋಡಿ."

ಒಳಗಿನಿಂದ ಅವರ ಹೆಂಡತಿ, "ಹೌದು, ಹಾಗೇ ಹೇಳೂದು" ಎಂದರು. ಆದರೆ ಅದರಿಂದ ಏನೂ ಆಗಲಿಲ್ಲ. ಶನಿವಾರದ ಮೀಟಿಂಗಿನಲ್ಲಿ ರಾಜೀವನ ಹೆಸರು ಹೇಳಿಯಾಗಿದೆ. ಸಹಿಯೂ ಆಗಿದೆ. ಮೇಡಂಗೆ ಬೇಡವಾಯಿತು ಎಂದ ಮೇಲೆ ಅವನು ಒಪ್ಪಿಕೊಂಡನಂತೆ.

"ಅವನಿಗೆ ಬೇಡ ಅಂತ ಹೇಳಿ."

"ಹಾಗೆ ಹೇಳೂಕೆ ಬರೂದಿಲ್ಲ ಅಮ್ಮಾ. ಅವನಿಗೂ ಮನೆ ಉಂಟು. ಅವನೂ ಇಷ್ಟು ವರ್ಷ ಅತಿಥಿಯಾಗೇ ಇದ್ದವ."

ಚಾ ಕುಡಿದು ಎದ್ದೆ. ಗೇಟಿನವರೆಗೆ ಅವರು ಕಳಿಸಲು ಬಂದರು. ಒಂದೇ ಮಾತಿಗೆ ಬಿಟ್ಟುಕೊಡುವ ಜನರ ಹತ್ತಿರ ಹೇಗೆ ಮಾತಾಡಬೇಕೋ ನನಗೆ ಯಾರೂ ಕಲಿಸಿಲ್ಲ.

ನವೆಂಬರ್ 20, ಗುರುವಾರ

ಮಾಲತಿಗೆ ಹೇಳಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸುತ್ತಿ ಬಳಸಿ ಹೇಳಲಿಲ್ಲ. ಫೋನು ಬಂದದ್ದು, ನಾನು ಹೇಳಿದ್ದು, ಕುಮಟಾಕ್ಕೆ ಹೋದದ್ದು, ರಾಜೀವನಿಗೆ ಆದದ್ದು.

ಇವತ್ತಿನ ಹತ್ತು ನಿಮಿಷ ಅವಳ ಹತ್ತಿರ ಹಾಗೇ ಉಳಿದಿತ್ತು. ಬೈಯುತ್ತಾಳೆ ಎಂದು ನಿಂತೇ ಇದ್ದೆ. ಸ್ಲೇಟು ತೆಗೆದುಕೊಂಡಳು. ಬರೆದಳು, ಒರೆಸಿದಳು. ಮತ್ತೆ ಬರೆದಳು, ಒರೆಸಿದಳು. ಆಮೇಲೆ ಸ್ಲೇಟನ್ನು ಬಾವಿಕಟ್ಟೆಗೆ ಒರಗಿಸಿ ಒಳಗೆ ಹೋದಳು.

ಉಳಿದ ಬಟ್ಟೆ ನಾನು ಒಣಹಾಕಿದೆ.

ನವೆಂಬರ್ 25, ಮಂಗಳವಾರ

ಮಾಲತಿಯ ಮಾತು ದಿನ ದಿನ ಸುಧಾರಿಸುತ್ತಿದೆ. ಹಾಲಿನವನ ಹತ್ತಿರ ಮಾತಾಡುತ್ತಾಳೆ. ನಾಗರಾಜನಿಗೆ ಫೋನು ಮಾಡುತ್ತಾಳೆ. ರಾಜೀವನಿಗೂ ಮಾಡಿ ಒಳ್ಳೆಯದಾಯಿತು ಎಂದಳು. ಬೆಕ್ಕಿಗೆ, "ಬಾ, ಮೀನು ತಿನ್ನು" ಎಂದಳು. ನನಗೆ ಸ್ಲೇಟು. 'ಅಕ್ಕಿ ತರಬೇಕು.' 'ನೀರು ಬಂತು.' ಡಾಕ್ಟರು ಕೊಟ್ಟ ನಿಮಿಷಗಳಲ್ಲಿ ನನ್ನ ಪಾಲಿಗೆ ಒಂದೂ ಇಲ್ಲ.

ಕುಮಟಾದ ಕಾಲೇಜಿನಿಂದಲೂ ಫೋನು ಬಂತು. ಮಾಲತಿಯ ಪಿರಿಯಡ್ಡುಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಮುಂದಿನ ವರ್ಷ ನೋಡುವ ಎಂದರಂತೆ. ಅವಳೇ ಮಾತಾಡಿದಳು. "ಆತು ಸರ್, ತೊಂದ್ರೆ ಇಲ್ಲ" ಎಂದಳು. ತೊಂದರೆ ಇಲ್ಲವಂತೆ.

ಫೋನು ಈಗ ಅವಳ ಹತ್ತಿರವೇ ಇರುತ್ತದೆ.

ನವೆಂಬರ್ 29, ಶನಿವಾರ

ಪ್ರಿಯಾ ಬಂದಿದ್ದಾಳೆ. ಬಂದವಳೇ ನನ್ನನ್ನು ಹಿಡಿದುಕೊಂಡಳು.

"ಎಂತ ಮಾಡಿಟ್ಟೆ ಅಜ್ಜಿ ನೀನು? ಅಮ್ಮ ಏನು ತಾರ್ಲೆ ಮೀನಾ, ಚೌಕಾಸಿ ಮಾಡೂಕೆ?"

"ಕಡಿಮೆಗೆ ಕೊಡ್ಬಾರ್ದು ಅಂತ ಹೇಳ್ದೆ."

"ಕೊಡೂಕೆ ನೀ ಯಾರು? ಒಂದು ಮಾತು ಕೇಳೂಕೆ ಆಗ್ತಿರ್ಲಿಲ್ವಾ? ಸ್ಲೇಟು ಇತ್ತಲ್ಲ?"

ಇಂಜಿನಿಯರಿಂಗ್ ಕಲಿತರೆ ಬಾಯಿಯೂ ಬರುತ್ತದೆ. ಅಜ್ಜಿಯ ಹಾಗೆ ಆಗಿದ್ದಾಳೆ ಎಂದು ಜನ ಹೇಳುತ್ತಾರೆ. ಅದು ಹೊಗಳಿಕೆಯೆಂದು ಇಷ್ಟು ದಿನ ತಿಳಿದಿದ್ದೆ.

ಸೋಮವಾರ ಕಾಸರಕೋಡಿಗೆ ಹೋಗುವುದೆಂದು ಚೀಲ ಕಟ್ಟಿಟ್ಟೆ. ಸಂಜೆ ಮಾಲತಿ ಬಂದು ಲೇಖನದ ಕಾಗದ ನನ್ನ ಮುಂದೆ ಹಿಡಿದಳು. ಪ್ರಿಯಾ ಓದುತ್ತೇನೆ ಎಂದು ಕೈ ಚಾಚಿದಳು, ಅವಳಿಗೆ ಕೊಡಲಿಲ್ಲ. ಓದಿದೆ. ಗೇರುಸೊಪ್ಪದ ಪೇಟೆಯಲ್ಲಿ ಮೆಣಸು ಅಳೆಯುತ್ತಿದ್ದ ಹೆಂಗಸರ ವಿಷಯ. ಒಂದು ಕಡೆ ಸಾಲು ಬಹಳ ಉದ್ದವಿತ್ತು. ಉಸಿರು ಸಾಲದೆ ನಿಂತೆ. ಅವಳು ಪೆನ್ನು ಎತ್ತಿದಳು. "ಇದನ್ನ ಹೊಡಿಬೇಡ, ಚಲೋ ಉಂಟು, ಇನ್ನೊಂದು ಸಲ ಓದ್ತೆ" ಎಂದೆ. ಓದಿದೆ, ಬಂತು. ಪೆನ್ನು ಕೆಳಗಿಟ್ಟಳು.

ಚೀಲದಿಂದ ಸೀರೆ ಹೊರಗೆ ತೆಗೆದೆ. ಮಡಿಚಿಟ್ಟರೆ ಗೆರೆ ಬೀಳುತ್ತದೆ.

ಡಿಸೆಂಬರ್ 6, ಶನಿವಾರ

ರಾಜೀವ ಬಂದಿದ್ದ. ಈ ಸಲ ಮಲ್ಲಿಗೆ ತಂದಿರಲಿಲ್ಲ, ಒಂದು ಹೊರೆ ಕಾಗದ ತಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಮಾಲತಿ ಅವನ ಎದುರಿಗೆ. ನಾನು ಬಾಗಿಲ ಹತ್ತಿರ ಶೆಟ್ಲಿ ಸುಲಿಯುತ್ತಿದ್ದೆ.

"ಮೇಡಂ, ಮೂರೂ ಪುಸ್ತಕ ನನ್ನೊಬ್ಬನಿಂದ ಆಗೂದಿಲ್ಲ ಅಂತ ಕಮಲಾಕರ ಸರ್ ಹತ್ರ ಹೇಳ್ದೆ. ಗೇರುಸೊಪ್ಪದ್ದು ನೀವು ಬರ್ದು ಕೊಡಿ. ಟ್ರಸ್ಟಿನವರು ಅದಕ್ಕೆ ಬೇರೆ ಸಂಭಾವನೆ ಕೊಡ್ತಾರಂತೆ."

"ಹೆಸ್ರು?" ಎಂದಳು ಮಾಲತಿ.

ಅವನು ಕಾಗದದ ಮೂಲೆ ಮಡಿಚಿದ. "ಮೇಲೆ ಸಂಪಾದಕರದ್ದು ಮಾತ್ರ ಬರ್ತದಂತೆ ಮೇಡಂ. ನಿಮ್ಮದು ಒಳಗೆ, ಕೃತಜ್ಞತೆಯಲ್ಲಿ ಹಾಕ್ತೆ. ಮೊದ್ಲೇ ಹಾಕ್ತೆ."

ಅವನು ನನ್ನ ಕಡೆ ತಿರುಗಿದ. "ಅಮ್ಮಾ, ನೀವಾದ್ರೂ ಹೇಳಿ ಮೇಡಂಗೆ."

ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿತ್ತು. ಪಿರಿಯಡ್ಡು ಹೋಗಿದೆ, ಸಿಕ್ಕಿದ್ದನ್ನು ಹಿಡಿದುಕೋ ಎನ್ನಬೇಕಿತ್ತು.

"ನನ್ನನ್ನ ಎಂತಕ್ಕೆ ಕೇಳ್ತೀ?" ಎಂದೆ. "ಅವಳು ಎದ್ರಿಗೇ ಕೂತಿದ್ದಾಳಲ್ಲ."

ಮಾಲತಿ ಲೋಟದ ಬಿಸಿನೀರು ಒಂದು ಗುಟುಕು ಕುಡಿದಳು. "ಗೇರುಸೊಪ್ಪದ್ದು ನಾ ಬರೀತೆ ರಾಜೀವ. ಆ ಪುಸ್ತಕದ ಮೇಲೆ ನನ್ನ ಹೆಸ್ರೇ ಬರ್ಬೇಕು. ಕೃತಜ್ಞತೆ ಬೇಡ."

"ಅದು ಕಷ್ಟ ಮೇಡಂ. ಕಮಿಟಿಯವರು ಒಪ್ಪೂದಿಲ್ಲ."

"ಹಾಗಾದ್ರೆ ನಂಗೂ ಬೇಡ. ಇನ್ನೊಬ್ಬರ ಹೆಸ್ರಲ್ಲಿ ಬರ್ದು ಸಾಕಾಗಿದೆ."

ಶೆಟ್ಲಿಯ ಮುಳ್ಳು ನನ್ನ ಬೆರಳಿಗೆ ಹೊಕ್ಕಿತು. ಒಪ್ಪಿಕೋ ಮಾರಾಯ್ತಿ, ಅವನು ಎದ್ದು ಹೋದರೆ ಏನು ಮಾಡುತ್ತೀ ಎಂದು ಬಾಯಿಗೆ ಬಂದದ್ದನ್ನು ಬೆರಳು ಚೀಪಿ ನುಂಗಿದೆ. ರಾಜೀವ ಎದ್ದ. ಆದರೆ ಹೊರಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ನಿಂತು ಕಮಲಾಕರರಿಗೆ ಫೋನು ಮಾಡಿದ. ಒಂದಿಷ್ಟು ಹೊತ್ತು "ಹೌದು ಸರ್, ಹೌದು ಸರ್" ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮಾಡಿ ಫೋನನ್ನು ಮಾಲತಿಯ ಮುಂದೆ ಹಿಡಿದ.

"ಮಾಲತಿ, ಇದು ನಿನ್ನ ಮಾತಾ, ನಿನ್ನ ಅವ್ವಂದಾ?" ಎಂದು ಕೇಳಿದರು ಅವರು.

"ನಂದೇ ಸರ್. ಅವ್ವ ಬಾಯಿ ಮುಚ್ಕೊಂಡು ಶೆಟ್ಲಿ ಸುಲೀತಾ ಕೂತಿದ್ದಾಳೆ."

ರಾಜೀವ ಫೋನನ್ನು ಇನ್ನಷ್ಟು ಹತ್ತಿರ ತಂದ.

"ನಿನ್ನ ಸ್ವರ ಕೇಳಿ ಬಹಳ ದಿನ ಆತು" ಎಂದರು. "ಗೇರುಸೊಪ್ಪದ್ದಕ್ಕೆ ನಿನ್ನ ಹೆ‌ಸ್ರು. ಕಮಿಟಿಗೆ ನಾನು ಹೇಳ್ತೆ. ಆತಾ?"

"ಆತು ಸರ್."

ಮೂರು ಪುಸ್ತಕ ಹೋಗಿ ಒಂದಾಯಿತು. ತಿಂಗಳ ಸಂಬಳವೂ ಇಲ್ಲ. ಮುಂದಿನದು ಮುಂದೆ. ರಾಜೀವ ಊಟ ಮಾಡಿ, ಕಾಗದದ ಹೊರೆ ಇಲ್ಲೇ ಬಿಟ್ಟು ಹೋದ. ಖಾಲಿ ಮಾಡಿಟ್ಟಿದ್ದ ಒಂದು ಕುರ್ಚಿಯೂ ತುಂಬಿತು.

ನಾನು ಎಂಜಲು ತೆಗೆಯುತ್ತಿದ್ದೆ. ಮಾಲತಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಸ್ಲೇಟು ಇರಲಿಲ್ಲ.

"ಅವ್ವ, ನೀ ಆಗ ನಡುವೆ ಎಂತಾದ್ರೂ ಹೇಳಿದ್ರೆ ಕೊಂದೇ ಹಾಕ್ತಿದ್ದೆ" ಎಂದಳು.

ಅಲ್ಲಿಂದ ಶುರುವಾಯಿತು. ನನ್ನ ಫೋನು ಎತ್ತಿಕೊಳ್ಳೂಕೆ ನಿಂಗೆ ಯಾರು ಹೇಳಿದ್ರು, ಸಣ್ಣವಳಿದ್ದಾಗಿಂದ ನನ್ನ ಮಾತೆಲ್ಲ ನೀನೇ ಆಡಿಬಿಟ್ಟೆ, ಶಾಲೆಗೆ ಹೆಸ್ರು ಹಚ್ಚುವಾಗಲೂ ಮಾಸ್ತರು ಕೇಳಿದ್ದು ನನ್ನನ್ನ, ಹೇಳಿದ್ದು ನೀನು, ಧಾರವಾಡವಂತೆ ಧಾರವಾಡ. ಸ್ವರ ಒಡೆಯುತ್ತಿತ್ತು, ನೀರು ಕುಡಿಯುತ್ತಿದ್ದಳು, ಮತ್ತೆ ಬೈಯುತ್ತಿದ್ದಳು. ಡಾಕ್ಟರು ಇವತ್ತಿಗೆಂದು ಕೊಟ್ಟ ನಿಮಿಷಗಳಲ್ಲಿ ಉಳಿದದ್ದನ್ನೆಲ್ಲ ನನ್ನೊಬ್ಬಳ ಮೇಲೆಯೇ ಖರ್ಚು ಮಾಡಿದಳು.

ಪಾತ್ರೆ ಕೆಳಗಿಟ್ಟು ಪೂರ್ತಿ ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ.